ಅತ್ತೆಯ ತಿಪ್ಪೆ, ನನ್ನ ಗಂಟು

ಬೆಳಿಗ್ಗೆ ಎದ್ದು ಅಂಗಳ ಗುಡಿಸಿದೆ, ನೀರು ಚಿಮುಕಿಸಿದೆ, ಸಣ್ಣದೊಂದು ರಂಗೋಲಿ ಎಳೆದೆ. ಅತ್ತೆ ಎಮ್ಮೆ ಹಿಂಡಿದರು, ನಾನು ಸಗಣಿ ಬಳಿದು ಬುಟ್ಟಿಗೆ ತುಂಬಿದೆ. ಒಲೆಯ ಬೂದಿ ತೆಗೆದೆ. ಹದಿನಾಲ್ಕು ರೊಟ್ಟಿ ಬಡಿದೆ, ಹೆಸರುಕಾಳಿನ ಪಲ್ಯ ಮಾಡಿದೆ. ಅಂಗಡಿಗೆ ಹೋಗುವ ಯಜಮಾನರಿಗೆ ಒಂದು ಬುತ್ತಿ, ನಮ್ಮಿಬ್ಬರಿಗೆ ಒಂದು ಬುತ್ತಿ ಕಟ್ಟಿದೆ. ಎರಡು ಖಾಲಿ ಗೋಣಿಚೀಲ ಝಾಡಿಸಿ ಮಡಚಿಟ್ಟೆ. ಇಷ್ಟಾದ ಮೇಲೆ ಅತ್ತೆ ಮತ್ತು ನಾನು ಬಾಗಿಲಿಗೆ ಕೀಲಿ ಹಾಕಿ, ನಮ್ಮ ಮನೆಯ ಕಸವನ್ನು ಬೇರೆಯವರ ಹೊಲದಿಂದ ಆರಿಸಿ ತರಲು ಹೊರಟೆವು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿದ್ದಿರಬೇಕು. ಕೊಟ್ಟೂರಿನಲ್ಲಿ ನಮ್ಮ ಮನೆ ಊರಿನ ಅಂಚಿಗಿತ್ತು. ಹಿತ್ತಲಲ್ಲಿ ಒಂದು ಎಮ್ಮೆ, ಎಮ್ಮೆಯ ಹಿಂದೆ ಅತ್ತೆಯ ತಿಪ್ಪೆ. ಸಗಣಿ, ಬೂದಿ, ಎಮ್ಮೆ ತಿಂದು ಬಿಟ್ಟ ಸೊಪ್ಪೆಯ ದಂಟು, ಕಾಯಿಪಲ್ಯದ ಸಿಪ್ಪೆ ಎಲ್ಲ ಅಲ್ಲಿಗೇ. ಯುಗಾದಿ ಕಳೆದ ಮೇಲೆ ಹರಪನಹಳ್ಳಿ ರಸ್ತೆಯ ಕಡೆ ಹೊಲವಿದ್ದ ಒಬ್ಬರು ಬಂಡಿ ಹೂಡಿಕೊಂಡು ಬಂದು, ಕೊಳೆತ ಗೊಬ್ಬರವನ್ನು ಹೇರಿಕೊಂಡು ಹೋಗುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಅದೇ ಬಂಡಿಯಲ್ಲಿ ನಮ್ಮ ಎಮ್ಮೆಗೆ ವರ್ಷಕ್ಕಾಗುವಷ್ಟು ಜೋಳದ ಸೊಪ್ಪೆ ಬರುತ್ತಿತ್ತು. ಅವರು ನಮಗೆ ರಕ್ತಸಂಬಂಧವೇನಲ್ಲ. ಅತ್ತೆಯನ್ನು ಅಕ್ಕಾ ಎನ್ನುತ್ತಿದ್ದರು, ಹಾಗಾಗಿ ನನಗೆ ಮಾವ. ಈ ಕೊಡುಕೊಳ್ಳುವಿಕೆ ನಾನು ಸೊಸೆಯಾಗಿ ಬರುವ ಮೊದಲಿನದು.

ದೀಪಾವಳಿ ಪಾಡ್ಯದ ದಿನ ಅತ್ತೆ ಸಗಣಿಯಲ್ಲಿ ಕೊಟ್ಟಿಗೆಯ ದೇವತೆ ಹಟ್ಟಿ ಲಕ್ಕವ್ವನನ್ನು ಮಾಡಿ, ಹೂವು ಸಿಗಿಸಿ, ತಿಪ್ಪೆಯ ಮೇಲೂ ಒಂದು ದೀಪ ಇಡುತ್ತಿದ್ದರು. ನಾನು ಹೊಸದರಲ್ಲಿ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ನಿಂತದ್ದಕ್ಕೆ, "ಮೂಗು ಬಿಡವಾ, ಇದೇನು ಕೊಳಕಲ್ಲ. ಏನ್ ಹಾಕಿದ್ರೂ ತಿಂತೈತಿ, ತಿಂದು ಮಣ್ಣು ಮಾಡ್ತೈತಿ. ನನ್ನ ತಿಪ್ಪಿ ನಿನಗಿಂತ ಚಲೋ ಉಣ್ತೈತಿ," ಎಂದಿದ್ದರು. ಆ ಮಾತನ್ನು ನಾನು ನಂಬಿದೆ. ಅವರೂ ನಂಬಿದ್ದರು.

ನಮ್ಮ ಕಿರಾಣಿ ಅಂಗಡಿಯಲ್ಲಿ ಹಿಂದೆ ಹಳೇ ಪೇಪರಿನ ಪೊಟ್ಟಣ ಕಟ್ಟಿ ದಾರ ಸುತ್ತಿ ಕೊಡುತ್ತಿದ್ದರು. ಆಮೇಲೆ ಕ್ಯಾರಿಬ್ಯಾಗು ಬಂತು. ಯಜಮಾನರು ಮೊದಮೊದಲು ಇಡಲಿಲ್ಲ. ಜನ ಕೈಬೀಸಿಕೊಂಡು ಬಂದು, "ಚೀಲ ಇಲ್ಲೇನ್ರಿ? ಹಂಗಾರ ಬಿಡ್ರಿ," ಎಂದು ಎದುರಿನ ಅಂಗಡಿಗೆ ಹೋದರು. ಇವರೂ ತಂದಿಟ್ಟರು. ಸಂಜೆ ಮನೆಗೆ ಏನೇ ತಂದರೂ ಅದರಲ್ಲೇ. ನಾನು ಒಂದನ್ನೂ ಬಿಸಾಡುತ್ತಿರಲಿಲ್ಲ. ತೊಳೆದು, ಒಣಗಿಸಿ, ಹಾಸಿಗೆಯ ಅಡಿ ಸಾಲಾಗಿ ಇಡುತ್ತಿದ್ದೆ. ಹಾಸಿಗೆ ಉಬ್ಬಿತು. ಆಗ ಅವುಗಳಿಗೊಂದು ಉಪಯೋಗ ಹುಡುಕಿದೆ. ಒಲೆ ಪಕ್ಕದ ತೊಯ್ದ ಕಸ, ಚಹಾದ ಚರಟ, ಈರುಳ್ಳಿ ಸಿಪ್ಪೆಯನ್ನು ಅದರೊಳಗೆ ತುಂಬಿ, ನೊಣ ಕೂರದಂತೆ ಬಾಯಿ ಬಿಗಿದು ತಿಪ್ಪೆಗೆ ಒಗೆಯತೊಡಗಿದೆ. ಚೀಲದ ಕಿವಿ ಹರಿಯುತ್ತದೆಂದು ಹಳೇ ಸೀರೆಯ ಅಂಚನ್ನು ಬೆರಳಗಲ ಸೀಳಿಟ್ಟುಕೊಂಡಿದ್ದೆ. ಅದರಿಂದ ಎರಡು ಸುತ್ತು, ಎರಡು ಗಂಟು. ನೆರೆಮನೆಯವರು ನೋಡಿ, "ನಿಮ್ಮ ಕಸ ಸೈತ ಎಷ್ಟು ಅಚ್ಚುಕಟ್ಟು ನೋಡ್ರಿ," ಎಂದದ್ದು ನನಗೆ ಹಿತವಾಗಿತ್ತು.

ಆ ವರ್ಷ ಯುಗಾದಿ ಮುಗಿದರೂ ಬಂಡಿ ಬರಲಿಲ್ಲ. ಮುಂಗಾರಿನ ಮೊದಲ ಹದಮಳೆಯಾದ ಮೇಲೆ ಮಾವ ನಡೆದುಕೊಂಡು ಬಂದರು. ಚಹಾ ಕುಡಿದು ಬಸಿ ಕೆಳಗಿಟ್ಟರು.

"ಅಕ್ಕಾ, ಸಿಟ್ಟಾಗಬ್ಯಾಡ. ಈ ಸಲ ಗೊಬ್ಬರ ಒಲ್ಲೆ."

"ಯಾಕೋ ತಮ್ಮಾ? ನಮ್ಮ ಎಮ್ಮಿ ಸೆಗಣಿ ಕಹಿ ಆತೇನು?" ಅತ್ತೆ ನಗುತ್ತಲೇ ಕೇಳಿದರು.

ಮಾವ ಟವೆಲಿನ ಮೂಲೆ ಬಿಚ್ಚಿ ಮಣ್ಣು ಮೆತ್ತಿದ ಕರಿ ಕ್ಯಾರಿಬ್ಯಾಗೊಂದನ್ನು ಕಟ್ಟೆಯ ಮೇಲೆ ಇಟ್ಟರು. ಬಾಯಿಗೆ ಹಸಿರು ಅಂಚಿನ ಪಟ್ಟಿ, ಎರಡು ಗಂಟು.

"ಹೋದ ವರ್ಷದ ಗೊಬ್ಬರದಾಗ ಬಂದದ್ದು. ಹೊಲದ ತುಂಬ ಇವೇ ಅದಾವ. ಹರಗಾಕ ಹೋದ್ರ ನಾಕು ಮಾರಿಗೊಮ್ಮಿ ಕುಂಟಿಗೆ ಸುತ್ತಿಕೊಂತಾವ. ಎತ್ತು ನಿಲ್ಸು, ಕಿತ್ತು ಒಗಿ, ಮತ್ತ ಹೊಡಿ. ಹೋದ ಸಲ ಬಿತ್ತಿದ್ದು ಇವು ಇದ್ದಲ್ಲಿ ಮೊಳಕೀನೇ ಬರಲಿಲ್ಲ." ಅತ್ತೆಯ ಮುಖ ಕಂಡು ಮಾತು ಹಗುರ ಮಾಡಲು ನೋಡಿದರು: "ಹಿಂಗಾದ್ರ ಇನ್ನ ಮ್ಯಾಲೆ ಜ್ವಾಳ ಪಾಕೀಟಿನಾಗ ಪ್ಯಾಕ್ ಆಗೇ ಬೆಳೀತೈತಿ ನೋಡಕ್ಕಾ. ನಿಮ್ಮ ಅಂಗಡಿಗಿ ಸೀದಾ ತಂದಿಡಬಹುದು."

ನಾನು ಗಂಟು ಬಿಚ್ಚಿದೆ. ನನ್ನ ಬೆರಳಿಗೆ ಆ ಗಂಟಿನ ದಾರಿ ಗೊತ್ತಿತ್ತು. ಒಂದು ವರ್ಷಕ್ಕೂ ಮಿಕ್ಕಿ ಮಣ್ಣಿನಲ್ಲಿದ್ದ ಈರುಳ್ಳಿ ಸಿಪ್ಪೆ ಒಳಗೆ ಹಾಗೇ ಇತ್ತು, ಬಣ್ಣ ಸಹ ಹೋಗಿರಲಿಲ್ಲ.

ಏಳುವಾಗ ಮಾವ, "ಸೊಪ್ಪಿ ಕಳಸ್ತೀನಕ್ಕಾ. ಅದಕ್ಕ ಚಿಂತಿ ಮಾಡಬ್ಯಾಡ," ಎಂದರು.

"ಗೊಬ್ಬರ ಕೊಡದ ಸೊಪ್ಪಿ ಹೆಂಗ ಇಸಗೊಳ್ಳಲೋ? ನಾ ಏನು ಭಿಕ್ಷಾ ಬೇಡಾಕಿ ಏನು?" ಎಂದರು ಅತ್ತೆ.

ವಿಷಯ ಅಲ್ಲಿಗೆ ಬಂದು ನಿಂತಿತ್ತು. ತಿಪ್ಪೆ ಹೋಗದಿದ್ದರೆ ಸೊಪ್ಪೆ ತೆಗೆದುಕೊಳ್ಳಲು ಅತ್ತೆಗೆ ಮುಖವಿಲ್ಲ, ಸೊಪ್ಪೆ ಇಲ್ಲದೆ ಎಮ್ಮೆ ಉಳಿಯುವುದಿಲ್ಲ. ಎಮ್ಮೆ ಇಲ್ಲದ ಅತ್ತೆಯನ್ನು ನಾನು ಒಂದು ದಿನವೂ ಕಂಡವಳಲ್ಲ. ನಾನೇ ಹೇಳಿದೆ, ಹೊಲದಲ್ಲಿರುವುದನ್ನೆಲ್ಲ ಆರಿಸಿಬಿಡೋಣ, ಆಮೇಲೆ ತಿಪ್ಪೆಯನ್ನೂ ಸೋಸೋಣ, ಮಾವ ಬೇಡ ಅನ್ನಲಾರರು ಎಂದು. ಎರಡು ಗೋಣಿಚೀಲ ಸಾಕು ಎಂದುಕೊಂಡಿದ್ದೆ.

ಹೊಲದ ದಂಡೆಯಲ್ಲಿ ನಿಂತು ನೋಡಿದಾಗ ದೂರಕ್ಕೆ ಕೊಕ್ಕರೆ ಇಳಿದಂತೆ ಅಲ್ಲಲ್ಲಿ ಬಿಳಿ ಕಾಣುತ್ತಿತ್ತು. ಹತ್ತಿರ ಹೋದರೆ ಹಾರಲಿಲ್ಲ. ಬಾಗಿ ಎಳೆದರೆ ಕಿವಿಯಷ್ಟೇ ಕೈಗೆ ಬಂತು, ಉಳಿದದ್ದು ಒಳಗೇ ಹರಿಯಿತು. ಬೆರಳಿಂದ ಕೆದಕಿದರೆ ಅದರ ಕೆಳಗೆ ಇನ್ನೊಂದು. ಕರಿ, ನೀಲಿ, ಬಿಳಿ. ಶಾಂಪೂ ಪಾಕೀಟು, ಗುಟ್ಕಾ ಚೀಟಿ, ಚಹಾಪುಡಿಯ ಕವರು. ನಡುನಡುವೆ ನನ್ನ ಹಸಿರು ಅಂಚಿನ ಗಂಟುಗಳು, ಒಂದೂ ಸಡಿಲಾಗಿರಲಿಲ್ಲ. ಊಟದ ಹೊತ್ತಿಗೆ ಎರಡೂ ಚೀಲ ತುಂಬಿದವು, ನಾವು ದಾಟಿದ್ದು ಎಂಟು ಸಾಲು.

ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಅತ್ತೆ ರೊಟ್ಟಿ ಮುರಿದು ಕೈಯಲ್ಲೇ ಹಿಡಿದು ಕೂತಿದ್ದರು. ನಾನು, "ಎಲ್ಲಾ ನನ್ನಿಂದ ಆತ್ರಿ ಅತ್ತಿ," ಎಂದೆ.

"ನೀ ಒಗಿಯಾದನ್ನ ದಿನಾ ನೋಡೀನಲ್ಲ ನಾ," ಎಂದರು. "ತಿಪ್ಪಿ ಎಲ್ಲಾ ತಿಂತೈತಿ ಅಂತ ಹೇಳಿದಾಕಿ ಯಾರು? ನಾನೇ ಅಲ್ಲ?"

ಬೈದಿದ್ದರೆ ಚೆನ್ನಾಗಿತ್ತು. ಮಧ್ಯಾಹ್ನ ಮಾವ ಎತ್ತು ಹೂಡಿ, ನಾವು ಆರಿಸಿ ಮುಗಿಸಿದ ಸಾಲಿನಲ್ಲೇ ಕುಂಟೆ ಹೊಡೆದು ತೋರಿಸಿದರು. ಕುಂಟೆಯ ಹಿಂದೆ ಮಣ್ಣು ಮಗುಚಿತು, ಮಗುಚಿದ ಮಣ್ಣಿನಲ್ಲಿ ಮತ್ತೆ ಅಷ್ಟೇ ಬಿಳಿ ಎದ್ದಿತು. ಅತ್ತೆ ಒಂದು ಚೀಲದ ಮೇಲೆ ಕೂತುಬಿಟ್ಟರು.

"ಸಾಕು ಬಿಡಕ್ಕಾ," ಎಂದರು ಮಾವ. "ಇದು ನಿಮ್ಮ ಕೈಲಿ ತೀರೂದಲ್ಲ. ನನ್ನ ಕಾಲಕ್ಕೂ ತೀರೂದಲ್ಲ."

ಅತ್ತೆ ಸೆರಗಿನಲ್ಲಿ ಕೈಯ ಮಣ್ಣು ಒರೆಸಿಕೊಂಡು, "ಎಮ್ಮಿ ನೀ ಹೊಡಕೊಂಡು ಹೋಗು ತಮ್ಮಾ," ಎಂದರು. "ಸೊಪ್ಪಿ ಇದ್ದಲ್ಲೇ ಇರಲಿ ಅದು. ಬಲಗಡೆ ಕೂತು ಹಿಂಡಬೇಕು, ಎಡಕ್ಕ ಹೋದ್ರ ಒದೀತೈತಿ."

ಮಾವ ಬೇಡವೆಂದರು, ಅತ್ತೆ ಕೇಳಲಿಲ್ಲ. ಸಂಜೆ ಮಾವನನ್ನು ಮನೆಗೆ ಕರೆತಂದು, ಅತ್ತೆಯೇ ಕಣ್ಣಿ ಬಿಚ್ಚಿ, ಹಣೆಗೆ ಅರಿಶಿನ ಹಚ್ಚಿ, ಹಗ್ಗವನ್ನು ಮಾವನ ಕೈಗೆ ಕೊಟ್ಟರು. ಎಮ್ಮೆ ಬಾಗಿಲ ತನಕ ಹೋಗಿ ಒಮ್ಮೆ ನಿಂತು, ಆಮೇಲೆ ನಡೆಯಿತು. ಅತ್ತೆ ತಿಪ್ಪೆಯ ಕಡೆ ತಿರುಗಿ ನೋಡಲಿಲ್ಲ. ಆ ವರ್ಷದ ದೀಪಾವಳಿಗೆ ಅಲ್ಲಿ ದೀಪವನ್ನೂ ಇಡಲಿಲ್ಲ.

ಅಂದು ಎಮ್ಮೆ ಹೋದ ಮೇಲೆ ಎರಡು ಚೀಲ ಹಿತ್ತಲಲ್ಲಿ ಉಳಿದವು. ಸುಡಲು ಹೋದರೆ ಕರಿ ಹೊಗೆಗೆ ನೆರೆಮನೆಯ ಕೂಸು ಕೆಮ್ಮಿತು, ನೀರು ಸುರಿದು ಆರಿಸಿದೆ. ಊರ ಹೊರಗೆ ಎಲ್ಲರೂ ಸುರಿಯುವ ಹಳ್ಳದ ದಂಡೆಗೆ ಹಾಕೋಣವೆಂದರೆ, ಗಾಳಿ ಎದ್ದರೆ ಅಲ್ಲಿಂದ ಇನ್ನೊಬ್ಬರ ಹೊಲಕ್ಕೆ. ಇಡೀ ಊರಿನಲ್ಲಿ ಆ ಎರಡು ಚೀಲ ಇಡಲು ನನಗೊಂದು ಜಾಗ ಸಿಗಲಿಲ್ಲ. ಎಮ್ಮೆ ಕಟ್ಟುತ್ತಿದ್ದ ಗೂಟದ ಪಕ್ಕ, ಗೋಡೆಗೆ ಒರಗಿಸಿಟ್ಟೆ.

ರಾತ್ರಿ ಯಜಮಾನರು ಅಂಗಡಿ ಮುಚ್ಚಿ ಬಂದರು. ಕೈಯಲ್ಲಿ ಸಕ್ಕರೆ, ಸಾಬೂನು, ಅದೇ ಕರಿ ಚೀಲದಲ್ಲಿ. ನಾನು ನೋಡಿದ್ದನ್ನು ಕಂಡು, "ಮತ್ಯಾತರಾಗ ತರ್ಲಿ?" ಎಂದರು. ಸಾಮಾನು ತೆಗೆದಿಟ್ಟು, ಚೀಲ ತೊಳೆದು ಹಗ್ಗದ ಮೇಲೆ ಹಾಕಿದೆ.

ಮಧ್ಯಾಹ್ನದ ರೊಟ್ಟಿಯೇ ಉಳಿದಿತ್ತು. ಶೇಂಗಾ ಚಟ್ನಿಗೆ ಎಣ್ಣೆ ಕಲಸಿಕೊಂಡು ಉಂಡೆವು. ಬೆಳಗಿನ ಹಾಲಿನ ಮೊಸರು ಒಂದು ಬಟ್ಟಲಿತ್ತು, ಅತ್ತೆ ತಮ್ಮ ಪಾಲನ್ನು ಯಜಮಾನರ ತಾಟಿಗೆ ಹಾಕಿದರು. ಎಮ್ಮೆಗೆ ಕೊನೆಯ ನೀರು ತೋರಿಸಿ, ಎಲ್ಲರೂ ಮಲಗಿದ ಮೇಲೆ ಮಲಗುತ್ತಿದ್ದವರು ಅತ್ತೆ. ಅಂದು ನಾನು ಮುಸುರೆ ತಿಕ್ಕಿ ಒಳಗೆ ಬರುವಷ್ಟರಲ್ಲಿ ಎಲ್ಲರಿಗಿಂತ ಮೊದಲು ಮಲಗಿಬಿಟ್ಟಿದ್ದರು.