ನೆಕ್ಕಿ ನೋಡಿದ ಕಲ್ಲು

ಲಿಂಗಸುಗೂರಿನ ನಮ್ಮ ಓಣಿಯ ತುದಿಯಲ್ಲಿ ಯಾರೋ ಮನೆಗೆ ಪಾಯ ತೆಗೆಸುತ್ತಿದ್ದಾರೆ. ಕಬ್ಬಿಣ ಕಲ್ಲಿಗೆ ಬಡಿದಾಗ ಒಂದು ಸುಟ್ಟ ವಾಸನೆ ಏಳುತ್ತದಲ್ಲ, ಅದು ಇವತ್ತು ಬೆಳಿಗ್ಗೆ ಚಹಾದ ಜೊತೆಗೇ ಬಂತು. ನಾನು ಮೊದಲು ನಮ್ಮ ಗೋಡೆ ಬಿರುಕು ಬಿಟ್ಟಿದೆಯೋ ಎಂದು ನೋಡಿದೆ. ಬಿಟ್ಟಿಲ್ಲವೆಂದು ಖಾತ್ರಿಯಾದ ಮೇಲೆ ಇನ್ನೂ ಚಿಂತೆಯಾಯಿತು: ಯಾಕೆ ಬಿಟ್ಟಿಲ್ಲ?

ಆದರೂ ಅನುಮಾನದಲ್ಲಿ ನನ್ನ ಸೋದರಮಾವನ ಮುಂದೆ ನಾನು ಕೂಸು. ಮಸ್ಕಿ ಹತ್ತಿರ ಅವನ ಹೊಲ. ಹೊಲದ ನಡುವೆ ಕಪ್ಪು ಹಸಿರು ಬಣ್ಣದ ಉರುಟು ಕಲ್ಲುಗಳ ದಿಬ್ಬ, ಯಾರೋ ತಲೆದಿಂಬುಗಳನ್ನು ಒಟ್ಟಿದ ಹಾಗೆ. ಅದನ್ನು ಒಡೆಸಿ, ನೆಲ ಸಮ ಮಾಡಿ ಭತ್ತ ಹಾಕುವುದು ಮಾವನ ಹಂಚಿಕೆ. ಕೆಲವು ವರ್ಷಗಳ ಹಿಂದೆ, ಇನ್ನೇನು ಜೆಸಿಬಿ ಬರಬೇಕು ಅನ್ನುವಾಗ, ಭೂವಿಜ್ಞಾನ ಓದುತ್ತಿದ್ದ ಹುಡುಗಿಯೊಬ್ಬಳು ಸುತ್ತಿಗೆ ಹಿಡಿದು ದಿನವೂ ಅಲ್ಲಿಗೆ ಬರತೊಡಗಿದಳು. ಮಾವ ನನ್ನನ್ನು ಕರೆಸಿದ.

“ಅಳಿಯಾ, ಆಕಿ ಕಲ್ಲು ನೆಕ್ಕತಾಳ. ಸುಮ್ಮನ ಯಾರರ ಕಲ್ಲು ನೆಕ್ಕತಾರೇನು?”

ಹತ್ತಿರದಲ್ಲೇ ಚಿನ್ನದ ಗಣಿ ಇರುವ ಸೀಮೆ ನಮ್ಮದು. ಇಲ್ಲಿ ಒಬ್ಬರು ಬಗ್ಗಿ ಚಪ್ಪಲಿ ಸರಿಮಾಡಿಕೊಂಡರೂ ಹಿಂದಿನವರು ನೆಲ ನೋಡುತ್ತಾರೆ. ನಾನೂ ಅವಳನ್ನು ಕೇಳಿದೆ. ಒದ್ದೆಯಾದರೆ ಕಲ್ಲಿನ ಕಣ ಚೆನ್ನಾಗಿ ಕಾಣುತ್ತದೆ ಎಂದಳು. ಇಷ್ಟು ಸರಳವಾದ ಉತ್ತರವನ್ನು ನಂಬುವುದು ಹೇಗೆ, ನೀವೇ ಹೇಳಿ.

ಬಾಯಿ ಬಿಡಿಸಲೆಂದು ಊಟಕ್ಕೆ ಕರೆದೆವು. ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಹುಡುಗಿ ಅದನ್ನೇ ತೋರಿಸಿ ವಿವರಿಸಿದಳು. ಬಹಳ ಹಿಂದೆ ಇಲ್ಲಿ ಸಮುದ್ರವಿತ್ತಂತೆ. ಅದರ ತಳದ ಕಲ್ಲಿನ ಒಂದು ದೊಡ್ಡ ಹಲಗೆ ಇನ್ನೊಂದರ ಅಡಿಗೆ ಜಾರಿ ಇಳಿಯುವಾಗ, ಮೇಲಿನದನ್ನು ಹಿಡಿದು ಎಳೆದಂತಾಗಿ, ಅದು ಈ ರೊಟ್ಟಿಯ ಹಾಗೆ ತೆಳ್ಳಗಾಗಿ ಬಿರಿಯಿತಂತೆ. ಬಿರುಕಿನ ಗುಂಟ ಕೆಂಡದಂಥ ರಸ ಉಕ್ಕಿ, ನೀರು ತಾಗಿದ್ದೇ ದಿಂಬು ದಿಂಬಾಗಿ ಗಟ್ಟಿಯಾಗಿ ಈ ದಿಬ್ಬವಾಯಿತು. ಕಡಲೊಳಗಿನ ಜ್ವಾಲಾಮುಖಿಗಳು ಸಾಲು ಹಿಡಿದು ಏಳುವುದು ಅದಕ್ಕೇ. ಬಿರುಕು ಎಳೆತಕ್ಕೆ ಅಡ್ಡಲಾಗಿ ಬೀಳುವುದರಿಂದ, ಸಾಲು ನೋಡಿದರೆ ನೆಲವನ್ನು ಯಾವ ಕಡೆ ಎಳೆದಿತ್ತೆಂದು ತಿಳಿಯುತ್ತದೆ.

“ನನ್ನ ರೊಟ್ಟಿ ಎಲ್ಲಿ ಬಿರದೈತಿ, ತೋರಿಸವ್ವಾ,” ಎಂದಳು ಅತ್ತೆ.

ಹುಡುಗಿ ನಕ್ಕು, ದಿಬ್ಬ ಒಡೆಸಬೇಡಿರೆಂದು ಮಾವನನ್ನು ಕೇಳಿಕೊಂಡಳು. “ಬಂಗಾರಕ್ಕಿಂತ ಹೆಚ್ಚಿಂದು ಐತ್ರಿ ಅದು.”

ಅಷ್ಟೂ ಮಾತಿನಲ್ಲಿ ಮಾವನ ಕಿವಿಗೆ ಬಿದ್ದದ್ದು ಒಂದೇ ಪದ. ಮರುದಿನ ಜೆಸಿಬಿಯವನಿಗೆ ಬರಬೇಡ ಎಂದ. ಹುಡುಗಿಗೂ ಬರಬೇಡ ಎಂದ. ದಿಬ್ಬದ ಸುತ್ತ ಮುಳ್ಳುಬೇಲಿ ಎದ್ದಿತು. ಹೊರಡುವಾಗ ಅವಳು, ನೀವಾದರೂ ನಂಬಿದಿರಾ ಎಂದು ನನ್ನನ್ನು ಕೇಳಿದಳು. ಯೋಚನೆ ಮಾಡಿ ಹೇಳುತ್ತೇನೆ ಎಂದೆ. ಅಂದಿನಿಂದ ಮಾಡುತ್ತಲೇ ಇದ್ದೇನೆ. ಎಷ್ಟು ಕಡೆಯಿಂದ ಸಂಶಯಪಟ್ಟು ನೋಡಿದರೂ ಅವಳ ಮಾತಿನಲ್ಲಿ ತಪ್ಪು ಸಿಕ್ಕಿಲ್ಲ. ನನ್ನಂಥವನು ನಂಬುವುದು ಹೀಗೆ, ಬೇರೆ ದಾರಿ ಉಳಿಯದೆ.

ಇದನ್ನೆಲ್ಲ ನೆನೆಯುತ್ತ ಕುಳಿತಾಗಲೇ ಮಾವನ ಫೋನು. ಇಷ್ಟು ವರ್ಷ ಕಾದದ್ದಾಯಿತು, ಯಾರೂ ಬಂಗಾರ ಹುಡುಕಿಕೊಂಡು ಬರಲಿಲ್ಲ, ನಾಳೆ ದಿಬ್ಬ ಒಡೆಸಿಬಿಡುತ್ತೇನೆ ಎಂದ.

“ನೀ ಓದಿದಾವ, ಖರೇ ಹೇಳು. ಅದರಾಗ ಬಂಗಾರ ಐತೇನು?”

ಇಲ್ಲವೆಂದು ನನಗೆ ಗೊತ್ತು. ಇಲ್ಲವೆಂದರೆ ನಾಳೆ ಸಂಜೆಯೊಳಗೆ ಆ ಸಮುದ್ರ ಜಲ್ಲಿಯಾಗುತ್ತದೆ.

“ಮಾವ,” ದನಿ ತಗ್ಗಿಸಿ ಹೇಳಿದೆ, “ಇಂಥಾ ಮಾತು ಫೋನಿನ್ಯಾಗ ಕೇಳಬ್ಯಾಡ.”

“ಹೂಂ, ತಿಳೀತು,” ಎಂದು ಮಾವನೂ ಪಿಸುಗುಟ್ಟಿ ತಟ್ಟನೆ ಫೋನು ಇಟ್ಟ.