ಅನುಮಾನದಕ್ಕ

ಸಂದೇಶ ದಾಟಿಸುವ ಸಾಫ್ಟ್‌ವೇರನ್ನು ಪ್ರಯೋಗದ ಸರ್ವರಿನಿಂದ ಜನ ಬಳಸುವ ಸರ್ವರಿಗೆ ಸಾಗಿಸುವ ಆಕೆಗೆ ಕಚೇರಿಯವರು ಇಟ್ಟ ಹೆಸರು ಅನುಮಾನದಕ್ಕ. ಪ್ರಯೋಗಕ್ಕೆಂದು ಹಾಕಿದ ವಿಳಾಸ, ಪಾಸ್‌ವರ್ಡ್, ಫೋನ್ ನಂಬರು ಯಾವುದೂ ಜನರ ಸರ್ವರಿಗೆ ಹೊಂದದು; ಒಂದೊಂದನ್ನೂ ಬದಲಾಯಿಸಬೇಕು. "ಎಲ್ಲಾ ಬದಲಾಯಿಸಿದೀನಿ ಅಕ್ಕ" ಎಂದು ಯಾರಾದರೂ ಅಂದರೆ ಸಾಕು, ಆಕೆಯ ಹುಬ್ಬು ಮೇಲೇರುತ್ತದೆ. "ಬದಲಾಯಿಸಿದ್ಯೋ, ಬದಲಾಯಿಸ್ದೆ ಅಂದ್ಕೊಂಡ್ಯೋ?" ಪರದೆಯಲ್ಲಿ ಎಲ್ಲ ಸರಿಯಾಗಿದೆ ಎಂದು ಬಂದರಂತೂ ಇನ್ನೂ ಕಷ್ಟ, "ಇಷ್ಟು ಸಲೀಸಾಗಿ ಆಯ್ತು ಅಂದ್ರೆ ಎಲ್ಲೋ ಎಡವಟ್ಟಾಗಿದೆ" ಎಂದು ಮೊದಲಿನಿಂದ ಶುರು ಮಾಡುತ್ತಾಳೆ. ಮನೆ ಬದಲಾಯಿಸಿದಾಗ, ಹೊಸ ವಿಳಾಸ ಎಲ್ಲ ಕಡೆ ಕೊಟ್ಟಾಯಿತು ಎಂದ ಗಂಡನ ಮಾತು ನಂಬದೆ, ತನಗೆ ತಾನೇ ಪಾರ್ಸೆಲ್ ಕಳಿಸಿಕೊಂಡು ಬಾಗಿಲಲ್ಲಿ ಕಾದವಳು ಆಕೆ. "ನಮ್ಮ ಮೇಲೆ ಒಂಚೂರೂ ನಂಬಿಕೆ ಇಲ್ವಾ?" ಎಂದು ಎದುರು ಮೇಜಿನವನು ಒಮ್ಮೆ ರೇಗಿದಾಗ ಆಕೆ ನಕ್ಕು, ಅವನ ಪಟ್ಟಿಯನ್ನು ಮತ್ತೆ ಮೊದಲ ಸಾಲಿನಿಂದ ನೋಡತೊಡಗಿದಳು. ಆಕೆಯ ತಾಯಿ ಸಾಯುವ ದಿನ, ಈ ಕಚೇರಿಯದೇ ಸಾಫ್ಟ್‌ವೇರ್ ಇದ್ದ ಆಸ್ಪತ್ರೆಯಿಂದ ಹೊರಟ 'ಕೂಡಲೇ ಬನ್ನಿ' ಎಂಬ ಸಂದೇಶ, ಯಾರೋ ಬದಲಾಯಿಸಲು ಮರೆತಿದ್ದ ಪ್ರಯೋಗದ ನಂಬರಿಗೆ ಹೋಗಿ ಬಿದ್ದು, ಆಕೆಗೆ ತಲುಪಿರಲೇ ಇಲ್ಲ. ಯಾರು ಯಾವುದನ್ನು ಬದಲಾಯಿಸಿದರೆಂಬ ದಾಖಲೆ ಕಚೇರಿಯಲ್ಲೇ ಇದೆ; ಮರೆತವರು ಯಾರೆಂದು ಪತ್ತೆ ಹಚ್ಚುವುದು ಆಕೆಗೆ ಕ್ಷಣದ ಕೆಲಸ. ಎಲ್ಲವನ್ನೂ ಕೆದಕಿ ನೋಡುವವಳು ಆ ದಾಖಲೆಯೊಂದನ್ನು ಮಾತ್ರ ಇವತ್ತಿಗೂ ತೆಗೆದು ನೋಡಿಲ್ಲ; ಹೆಸರು ಗೊತ್ತಾದರೆ ದಿನವೂ ಜೊತೆಗೆ ಕೂತು ಊಟ ಮಾಡುವ ಇವರಲ್ಲೊಬ್ಬರನ್ನು ದ್ವೇಷಿಸಬೇಕಾದೀತು ಎಂಬ ಭಯ ಆಕೆಗೆ.