ವಾಲ್ಬುರ್ಗಾಳ ಬಾಣಂತಿ ಸಾರು

ವಾಲ್ಬುರ್ಗಾಳಿಗೆ ಅಡುಗೆ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಹಾಸೆನ್‌ಬ್ರುಕ್ ಚರ್ಚಿನ ಸಾವಿನ ಪುಸ್ತಕದಲ್ಲಿ ಬೇರೆಯೇ ಬರೆದಿದೆ. ನಾನು ಅವಳ ಎದುರು ಮನೆಯ ಬೇಕರಿಯವಳು, ಸಿಬಿಲಾ. ಅವಳ ಒಲೆಯ ಸೀದ ವಾಸನೆಯನ್ನು ಜೀವಮಾನವಿಡೀ ಕುಡಿದಿದ್ದೇನೆ. ಬಾರ್ಲಿ ಗಂಜಿ ಇಟ್ಟರೆ ತಳ ಹಿಡಿಸುತ್ತಿದ್ದಳು, ಮೊಟ್ಟೆ ಬೇಯಲಿಟ್ಟರೆ ನೀರೆಲ್ಲ ಬತ್ತಿ ಮೊಟ್ಟೆ ಸಿಡಿಯುತ್ತಿತ್ತು. ಅವಳ ಗಂಡ ಕಾಸ್ಪರ್ ದಿನಾ ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದು, "ಸಿಬಿಲಾ, ನಿನ್ನ ಭಟ್ಟೀಲಿ ಏನಾದ್ರೂ ಉಳಿದಿದ್ಯಾ?" ಎಂದು ನಿಲ್ಲುತ್ತಿದ್ದ.

ಆದರೆ ಅದೇ ಒಲೆಯ ಮೇಲೆ ಅವಳು ಮದ್ದು ಕಾಸಿದರೆ ಒಂದು ಹನಿ ಉಕ್ಕುತ್ತಿರಲಿಲ್ಲ. ಮದ್ದಿನಂಗಡಿ ಕಾಸ್ಪರನದು. ಲ್ಯಾಟಿನ್ ಬರೆದ ಜಾಡಿಗಳೂ ಅವನವೇ. ಜಾಡಿಗಳ ಮುಂದೆ ಕುರ್ಚಿ ಹಾಕಿಕೊಂಡು, ಒರಳಿನ ಮೇಲೆ ಕಾಲು ಚಾಚಿ, ಮೂವತ್ತು ವರ್ಷ ನಿದ್ದೆ ಮಾಡಿದ ಮಹಾನುಭಾವ. ಹಿಂದಿನ ಕೋಣೆಯಲ್ಲಿ ತೂಗುವುದು, ಕುಟ್ಟುವುದು, ಸೋಸುವುದು ಎಲ್ಲ ಇವಳು. ಗಂಡಸರು ಮುಂಬಾಗಿಲಿಗೆ ಬರುತ್ತಿದ್ದರು. ಹೆಂಗಸರು ಓಣಿಯ ಕಡೆಯ ಹಿಂಬಾಗಿಲಿಗೆ ಬರುತ್ತಿದ್ದರು.

ಡಾಕ್ಟರು ಇರಲಿಲ್ಲವೇ ಎಂದು ಕೇಳಬೇಡಿ. ಇದ್ದರು, ಡಾಕ್ಟರ್ ಫಿಂಕ್, ಕಪ್ಪು ನಿಲುವಂಗಿ, ದೊಡ್ಡ ಓದು. ಆದರೆ ನಮ್ಮಲ್ಲಿ ಹೆಂಗಸಿಗೆ ಕಾಯಿಲೆ ಬಂದರೆ ಡಾಕ್ಟರ ಹತ್ತಿರ ಹೋಗುವುದು ಹೆಂಗಸಲ್ಲ, ಅವಳ ಮೂತ್ರ. ಗಾಜಿನ ಬುಡ್ಡಿಯಲ್ಲಿ ತುಂಬಿ, ಹುಲ್ಲು ಹಾಸಿದ ಬುಟ್ಟಿಯಲ್ಲಿಟ್ಟು ಗಂಡ ಹೊತ್ತುಕೊಂಡು ಹೋಗುತ್ತಾನೆ. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, ನಾಲ್ಕು ಮಾತು ಲ್ಯಾಟಿನ್ ಆಡುತ್ತಾರೆ. ನೋವು ಎಲ್ಲಿ ಎಂದು ಕೇಳಿದರೆ ಗಂಡ ಹೇಳಬೇಕು. ಜೋಡು ಹೊಲಿಯುವವನ ಹೆಂಡತಿಗೆ ಹೆರಿಗೆಯಾದ ಮೂರನೇ ವಾರ ಹಾಲು ಕಟ್ಟಿ, ಎದೆ ಕಲ್ಲಾಗಿ, ಜ್ವರ ಬಂತು. ಗಂಡನಿಗೆ ಆ ಮಾತು ಆಡಲು ನಾಚಿಕೆ. ತನ್ನ ಎದೆಯನ್ನೇ ತೋರಿಸಿ "ಇಲ್ಲೇ ಎಲ್ಲೋ" ಎಂದ. ಡಾಕ್ಟರು ಕೆಮ್ಮಿಗೆ ಪಾಕ ಬರೆದುಕೊಟ್ಟರು. ಹುಟ್ಟಿದಾಗಿನಿಂದ ಕೆಮ್ಮದ ಆ ಹುಡುಗಿ ಪಾಕದ ಶೀಶೆ ಹಿಡಿದು ಹಿಂಬಾಗಿಲಿಗೆ ಬಂದಳು.

ವಾಲ್ಬುರ್ಗಾ ಶೀಶೆ ಮೂಸಿದಳು. "ಚೆನ್ನಾಗಿದೆ ಕಣಮ್ಮ. ನಿನ್ನ ಗಂಡಂಗೇ ಕುಡಿಸು, ಬಾಯಾದ್ರೂ ಅಂಟ್ಕೊಳ್ಳತ್ತೆ." ಆಮೇಲೆ ಎಲೆಕೋಸಿನ ಎಲೆ ಬಾಡಿಸಿ ಕಟ್ಟಿದಳು. ನಾಲ್ಕು ದಿನದಲ್ಲಿ ಮಗು ಹಾಲು ಕುಡಿಯಿತು.

ಕಾಸ್ಪರ್ ಒಂದು ಮಧ್ಯಾಹ್ನ ಕುರ್ಚಿಯಲ್ಲೇ ಸತ್ತ. ಗಿರಾಕಿಗಳಿಗೆ ಗೊತ್ತಾಗಲು ಸಾಯಂಕಾಲವಾಯಿತು. ಅವನ ಗೋರಿಯ ಕಲ್ಲಿನ ಮೇಲೆ ಪಟ್ಟಣ ಸಭೆಯವರು 'ಈ ಊರಿನ ಮದ್ದಿನ ಪಂಡಿತ' ಎಂದು ದಪ್ಪ ಅಕ್ಷರದಲ್ಲಿ ಕೆತ್ತಿಸಿದರು. ವಾಲ್ಬುರ್ಗಾ ಆ ಅಕ್ಷರಗಳನ್ನು ಒಂದೊಂದಾಗಿ ಎಣಿಸಿದಳು.

"ನಿದ್ದೆ ಮಾಡ್ದೋನಿಗೆ ಇಷ್ಟು ಅಕ್ಷರ," ಎಂದಳು. "ನನ್ನ ಕಲ್ಲಿಗೆ ಒಂದೇ ಮಾತು ಸಾಕು ಕಣೇ ಸಿಬಿಲಾ. ಮದ್ದು ಮಾಡ್ತಿದ್ಲು ಅಂತ."

"ಮೊದ್ಲು ಸಾಯಿ, ಆಮೇಲೆ ಬರೆಸೋಣ," ಎಂದೆ. ನನ್ನ ನಾಲಿಗೆಯೇ ಹಾಗೆ.

ನಮ್ಮ ಊರಿನ ಕಟ್ಟಳೆ ಹೀಗಿದೆ. ಮದ್ದಿನಂಗಡಿಯವನ ವಿಧವೆ ಒಂದು ವರ್ಷ ಒಂದು ದಿನ ಅಂಗಡಿ ನಡೆಸಬಹುದು. ಅಷ್ಟರಲ್ಲಿ ಪರೀಕ್ಷೆ ಪಾಸಾದ ಮದ್ದಿನವನೊಬ್ಬನನ್ನು ಮದುವೆಯಾಗಬೇಕು, ಇಲ್ಲವೇ ಬಾಗಿಲು ಹಾಕಬೇಕು. ಡಾಕ್ಟರ್ ಫಿಂಕ್ ತಮ್ಮ ಅಕ್ಕನ ಮಗ ಯೂಕಾರಿಯಸ್‌ನನ್ನು ಕರೆತಂದರು. ಇಪ್ಪತ್ತೆರಡು ವರ್ಷ, ಕತ್ತಿನ ಹಿಂದೆ ಒಂದು ಕುರು. ಅದನ್ನು ವಾಸಿ ಮಾಡಿಕೊಳ್ಳಲು ಅವನಿಗೆ ತಿಳಿದಿರಲಿಲ್ಲ.

"ಅಂಗಡಿಗೂ ಒಬ್ಬ ಗಂಡಸು ಬೇಕು, ನಿಮಗೂ ಬೇಕು," ಎಂದರು ಡಾಕ್ಟರು.

"ಅಂಗಡಿಗೆ ಬೇಕಿರೋದು ಹೊಸ ಒರಳು ಡಾಕ್ಟ್ರೇ. ನನಗೆ ಬೇಕಿರೋದು ನಿದ್ದೆ. ಇಷ್ಟು ವರ್ಷ ಅದನ್ನ ಬೇರೆಯವ್ರು ಮಾಡ್ತಿದ್ರು," ಎಂದಳು ವಾಲ್ಬುರ್ಗಾ.

ಡಾಕ್ಟರಿಗೆ ಅವಮಾನವಾಯಿತು. ಅವಮಾನವಾದ ವಿದ್ವಾಂಸರು ಅರ್ಜಿ ಬರೆಯುತ್ತಾರೆ. ವರ್ಷ ತುಂಬುವ ಮೊದಲೇ ಸಭೆಯ ಆಜ್ಞೆ ಹೊರಬಿತ್ತು: ದೇಹದ ಒಳಗೆ ಹೋಗುವ ಮದ್ದು ಓದಿದವರದು, ಹೆಂಗಸು ದೇಹದ ಹೊರಗಷ್ಟೇ ಹಚ್ಚಬಹುದು. ಒಂದು ಚಮಚ ಗಂಟಲಿಳಿದರೂ ಜಾಡಿಗಳನ್ನು ಚೌಕದಲ್ಲಿ ಒಡೆದು ಅವಳನ್ನು ಊರಬಾಗಿಲಿನಿಂದ ಆಚೆ ಹಾಕುವುದು. ಡಂಗುರ ಹೊಡೆಯುವವನು ಇದನ್ನು ಓದಿದಾಗ, "ಮೂಗು ಹೊರಗಾ ಒಳಗಾ?" ಎಂದು ನಾನು ಕೇಳಿದೆ. ಪಾಪ, ಅವನು ಕೇಳಿಕೊಂಡು ಬರಲು ವಾಪಸು ಹೋದ. ಹನ್ನೆರಡು ಜನ ಸಭಾಸದರು ಅರ್ಧ ದಿನ ಕೂತು, ಮೂಗು ಬೆರಳಿನ ಮೊದಲ ಗೆಣ್ಣಿನವರೆಗೆ ಹೊರಗು ಎಂದು ತೀರ್ಮಾನಿಸಿದರು.

ಆ ಶರತ್ಕಾಲದಲ್ಲಿ ಊರಬಾಗಿಲು ಕಾಯುವ ಯೋಸ್ಟ್‌ನ ಹೆಂಡತಿ ಒಟ್ಟೀಲಿಯಾ ಹೆತ್ತಳು. ಹೆಣ್ಣು ಮಗು. ಮಗು ಬಂತು, ಮಾಸು ಬಂತು, ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ಮೊಣಕೈವರೆಗೆ ಕೆಂಪಾದ ಕೈ ಒರೆಸಿಕೊಳ್ಳದೆ ಓಡಿ ಬಂದಳು. ವಾಲ್ಬುರ್ಗಾ ಆ ಕೈ ನೋಡಿದಳು, ಎದ್ದಳು.

"ಸಭೆಯ ಆಜ್ಞೆ," ಎಂದೆ ನಾನು.

"ಗಂಟಲು ಹೊರಗಾ ಒಳಗಾ ಅಂತ ಅವ್ರು ಕೂತು ಮಾತಾಡೋವರೆಗೂ ಆ ಹುಡುಗಿ ಕಾಯಲ್ಲ. ಆ ಜಾಡಿ ಕೊಡೇ."

ಮಾಚಿಪತ್ರೆ, ದನ ತುಳಿಯುವ ಬೀದಿ ಅಂಚಿನ ಒಂದು ಹುಲ್ಲು, ಇನ್ನೂ ಎರಡು ಬೇರು. ತೂಗಿ, ಗಳಿಗೆ ಎಣಿಸಿ ಕಾಸಿ, ಮೂರು ಸಲ ಕುಡಿಸಿದಳು. ಸಂಜೆಯ ಗಂಟೆ ಹೊಡೆಯುವ ಹೊತ್ತಿಗೆ ರಕ್ತ ನಿಂತಿತು. ನಾನು ದೇವರನ್ನು ನೆನೆದೆ. ಯೋಸ್ಟ್ ಮಾತ್ರ ಬಿಯರ್ ಅಂಗಡಿಗೆ ಹೋಗಿ, ಬೆಂಚಿನ ಮೇಲೆ ಹತ್ತಿ ನಿಂತು, ವಾಲ್ಬುರ್ಗಾ ಏನೋ ಕುಡಿಸಿದ್ದಕ್ಕೇ ತನ್ನ ಹೆಂಡತಿ ಬದುಕಿದಳು ಎಂದು ಕಣ್ಣೀರು ಹಾಕುತ್ತ ಸಾರಿದ. ಪಕ್ಕದ ಬೆಂಚಿನಲ್ಲಿ ಯೂಕಾರಿಯಸ್ ಕುರು ಒತ್ತಿಕೊಳ್ಳುತ್ತ ಕೂತಿದ್ದ. ಗಂಡಸರ ಕೃತಜ್ಞತೆ ಎಂದರೆ ನನಗೆ ಈಗಲೂ ಭಯ.

ಹದಿನೈದು ದಿನದ ಗಡುವು ಕೊಟ್ಟು ವಿಚಾರಣೆಗೆ ಕರೆದರು. ಚಳಿಗಾಲ ಬಾಗಿಲಲ್ಲಿತ್ತು, ಅವಳಿಗೆ ಐವತ್ತೆರಡು. ಊರಾಚೆ ಹಾಕಿದರೆ ಹೋಗಲು ಒಂದು ಮನೆ ಇರಲಿಲ್ಲ. ನಾವು ಹೆಂಗಸರು ಒಟ್ಟೀಲಿಯಾಳ ಬಾಣಂತಿ ಕೋಣೆಯಲ್ಲಿ ಸೇರಿದೆವು. ಆರು ವಾರ ಅಲ್ಲಿಗೆ ಗಂಡಸಿನ ನೆರಳೂ ಸುಳಿಯುವಂತಿಲ್ಲ. ನನಗೆ ಅಲ್ಲೇ ಹೊಳೆಯಿತು. ಸಭಾಭವನದ ಕಂಬದ ಮೇಲೆ ಹಳೆಯ ಶಾಸನವಿದೆ, ಬಾಣಂತಿಯ ಸಾರಿಗೆ ಯಾವ ಅಧಿಕಾರಿಯೂ ಕೈಹಾಕತಕ್ಕದ್ದಲ್ಲ ಎಂದು.

"ಕುಡಿಸಿದ್ದು ಸಾರು ಅಂದ್ಬಿಡೋಣ," ಎಂದೆ.

ವಾಲ್ಬುರ್ಗಾಳ ಮುಖ ಕೆಂಪಾಯಿತು. "ನಾನು ಮಾಡಿದ್ದು ಮದ್ದು. ಸಾರು ಅಂದ್ರೆ ನನ್ನ ಕೆಲಸಕ್ಕೆ ಏನ್ ಹೆಸರು ಉಳೀತು?"

"ಹೆಸರು ಆಮೇಲೆ. ಮೊದ್ಲು ಊರಲ್ಲಿ ಉಳಿ. ನಿನ್ನ ಕಲ್ಲಿನ ಮೇಲೆ ಮದ್ದು ಅಂತ ನಾನೇ ನಿಂತು ಬರೆಸ್ತೀನಿ, ಆಯ್ತಾ?"

"ಆಣೆ?"

"ಆಣೆ."

ಮೂಲೆಯಲ್ಲಿ ಕಾಲುಚೀಲ ಹೆಣೆಯುತ್ತಿದ್ದ ಅಪೊಲೋನಿಯಾ ಆಗ ಬಾಯಿ ಬಿಟ್ಟಳು. ಅವಳು ಡಾಕ್ಟರ್ ಫಿಂಕರ ಹೆಂಡತಿ. ಹನ್ನೊಂದು ವರ್ಷದಿಂದ ಹಿಂಬಾಗಿಲಿಗೆ ಬರುತ್ತಿದ್ದವಳು. "ನಮ್ಮನೆಯವ್ರು ರುಚಿ ನೋಡ್ತಾರೆ ಅಕ್ಕಾ. ನಾಲಿಗೆಗೆ ಹೊಸದಾದ್ರೆ ಮದ್ದು ಅಂತಾರೆ. ಅಭ್ಯಾಸ ಆಗಿದ್ರೆ ಊಟ ಅಂತಾರೆ. ಇನ್ನೂ ಹದಿನಾಲ್ಕು ದಿನ ಇದೆ."

ಮರುದಿನದಿಂದ ಹನ್ನೆರಡು ಸಭಾಸದರ ಮನೆಯಲ್ಲೂ ಡಾಕ್ಟರ ಮನೆಯಲ್ಲೂ ಸಾರಿನ ಪಾತ್ರೆಗೆ ಆ ಸೊಪ್ಪುಬೇರು ಒಂದೊಂದು ಚಿಟಿಕೆ ಬಿತ್ತು. ಗಂಡಸರಿಗೆ ಅದರಿಂದ ಕೇಡಿಲ್ಲ, ಬಾಯಿ ಕಹಿ ಅಷ್ಟೇ. ಮೊದಲ ದಿನ ಮೇಯರು ಚಮಚ ಕೆಳಗಿಟ್ಟು, "ಇದೇನೇ ಇದು, ಹಿತ್ತಲು ಗುಡಿಸಿ ಹಾಕಿದ್ಯಾ?" ಎಂದರಂತೆ.

"ಚಳಿಗಾಲದ ಸಾರು. ನಿಮ್ಮಮ್ಮ ಮಾಡ್ತಿರ್ಲಿಲ್ವಾ?" ಎಂದಳಂತೆ ಹೆಂಡತಿ.

ತಾಯಿ ಏನು ಅಡುಗೆ ಮಾಡುತ್ತಿದ್ದಳು ಎಂದು ಯಾವ ಗಂಡಸಿಗೂ ನೆನಪಿರುವುದಿಲ್ಲ. ಆದರೆ ನೆನಪಿಲ್ಲ ಎಂದು ಯಾವನೂ ಒಪ್ಪುವುದಿಲ್ಲ. ಎಂಟನೇ ದಿನಕ್ಕೆ ಮೇಯರು, "ನಮ್ಮಮ್ಮನ ಕೈಯಷ್ಟು ಬಂದಿಲ್ಲ," ಎನ್ನುತ್ತ ಎರಡನೇ ಸಲ ಹಾಕಿಸಿಕೊಂಡರು.

ವಿಚಾರಣೆಯ ದಿನ ಸಭಾಭವನದ ಮೇಲಿನ ಮೊಗಸಾಲೆಯಲ್ಲಿ ನಾವೆಲ್ಲ ಕೆಳಗೆ ನೋಡುತ್ತ ನಿಂತಿದ್ದೆವು. ಸಭೆಯಲ್ಲಿ ಹೆಂಗಸು ಮಾತಾಡುವಂತಿಲ್ಲ, ಆದ್ದರಿಂದ ಯೋಸ್ಟ್ ಮಾತಾಡಿದ. ಮೂರು ದಿನ ಅವನಿಗೆ ಬಾಯಿಪಾಠ ಮಾಡಿಸಿದ್ದೆ. "ಸ್ವಾಮಿ, ನನ್ನ ಹೆಂಡ್ತಿ ಕುಡಿದಿದ್ದು ಬಾಣಂತಿ ಸಾರು," ಎಂದು ಮೂರು ಸಲ ಹೇಳಿದ. ಒಂದೇ ಸಲ ಸಾಕಿತ್ತು.

"ಹಾಗಿದ್ರೆ ಅದೇ ಸಾರು ತರಿಸಿ, ನಾನು ರುಚಿ ನೋಡ್ತೀನಿ," ಎಂದರು ಡಾಕ್ಟರ್ ಫಿಂಕ್.

ಪಾತ್ರೆ ಬಂತು. ಸಾರಿನಂತೆ ಕಾಣಲಿ ಎಂದು ಬಾರ್ಲಿ, ಮೂಳೆ ಹಾಕು ಎಂದು ನಾವೇ ವಾಲ್ಬುರ್ಗಾಳಿಗೆ ಹೇಳಿದ್ದೆವು. ತಳ ಹಿಡಿಸಿದ್ದಳು ಮಾರಾಯ್ತಿ. ಡಾಕ್ಟರು ಒಂದು ಚಮಚ ಬಾಯಿಗಿಟ್ಟು ನಾಲಿಗೆ ಹೊರಳಿಸಿದರು. ಮತ್ತೊಂದು ಚಮಚ. ಕಣ್ಣು ಮುಚ್ಚಿದರು.

"ಉಪ್ಪು ಕಮ್ಮಿ," ಎಂದರು.

ಮೇಯರು ತಾವೂ ರುಚಿ ನೋಡಿದರು. "ನಮ್ಮನೆ ಸಾರೇ ಇದು. ಸ್ವಲ್ಪ ಸೀದಿದೆ."

"ನಮ್ಮನೇಲೂ ಇದೇ," ಎಂದ ಮತ್ತೊಬ್ಬ ಸಭಾಸದ. ಪಾತ್ರೆ ಮೇಜಿನ ಸುತ್ತ ಹೋಯಿತು. ಹನ್ನೆರಡು ಜನ ಚಪ್ಪರಿಸಿದರು, ಇಬ್ಬರು ಬ್ರೆಡ್ಡು ಕೇಳಿದರು.

"ಇದರಲ್ಲಿ ಮಾಚಿಪತ್ರೆ ಇದೆ," ಎಂದರು ಡಾಕ್ಟರು ನಿಧಾನವಾಗಿ.

"ನಿಮ್ಮನೆ ಸಾರಲ್ಲಿ ಇರಲ್ವಾ?" ಎಂದು ಮೇಯರು ಕೇಳಿದರು.

ಡಾಕ್ಟರು ತಲೆಯೆತ್ತಿ ನಮ್ಮ ಕಡೆ ನೋಡಿದರು. ಅಪೊಲೋನಿಯಾ ಕಾಲುಚೀಲದ ಹೆಣಿಗೆ ಎಣಿಸುತ್ತಿದ್ದಳು. ಅವರಿಗೆ ಆಗ ಎಲ್ಲ ತಿಳಿಯಿತು, ನಾನು ಆಣೆ ಮಾಡಿ ಹೇಳುತ್ತೇನೆ. ಇದು ಮದ್ದು ಎಂದರೆ, ಹದಿನಾಲ್ಕು ದಿನದಿಂದ ಸ್ವಂತ ಹೆಂಡತಿ ತಮ್ಮ ದೇಹದ ಒಳಗೇ ಮದ್ದು ಇಳಿಸಿದ್ದಾಳೆ. ಬುಡ್ಡಿ ನೋಡಿ ಊರಿನ ರೋಗವನ್ನೆಲ್ಲ ಹೇಳುವ ತಮಗೆ ಅದು ಗೊತ್ತಾಗಿಲ್ಲ.

"ಸಾರೇ," ಎಂದರು. "ಕೆಟ್ಟ ಸಾರು."

ಹಾಗೆ ವಾಲ್ಬುರ್ಗಾ ಅಡುಗೆಯವಳಾದಳು. ತೀರ್ಪಿನಲ್ಲೇ ಹಾಗೆ ಬರೆದರು. ಅಂಗಡಿ, ಜಾಡಿ, ಲ್ಯಾಟಿನ್ ಎಲ್ಲ ಯೂಕಾರಿಯಸ್‌ಗೆ ಹೋಯಿತು, ಅವಳಿಗೆ ಹಿಂದಿನ ಕೋಣೆ, ಓಣಿಯ ಬಾಗಿಲು, ಬಾಗಿಲ ಮೇಲೆ ಒಂದು ಸೌಟಿನ ಗುರುತು ಉಳಿಯಿತು. ಮುಂದೆ ಇಪ್ಪತ್ತು ವರ್ಷ ಅಲ್ಲಿ ಮುಟ್ಟಿನ ನೋವಿಗೆ ಒಂದು ಸಾರು, ಹಾಲು ಇಳಿಯಲು ಒಂದು ಸಾರು, ಹೊಟ್ಟೆಯಲ್ಲೇ ಮಗು ಸತ್ತವಳಿಗೆ ಒಂದು ಸಾರು. ಯೋಸ್ಟ್‌ನ ಆ ಮಗಳು ಕ್ರಿಸ್ಟೀನಾ ದೊಡ್ಡವಳಾಗಿ ಅವಳ ಕೈಕೆಳಗೆ ಕಲಿತಳು. ಯಾರಾದರೂ ಅಧಿಕಾರಿ ಇಣುಕಿ, ತಕ್ಕಡಿ ಯಾಕೆ ಎಂದರೆ, "ಉಪ್ಪು ತೂಗ್ತಿದೀನಿ ಸ್ವಾಮಿ. ಕಮ್ಮಿಯಾಗತ್ತೆ ಅಂತ ಡಾಕ್ಟ್ರೇ ಹೇಳಿದಾರೆ," ಎನ್ನುತ್ತಿದ್ದಳು ವಾಲ್ಬುರ್ಗಾ.

ಕಳೆದ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಅವಳು ಹೋದಳು. ಹೋಗುವ ಮೊದಲು ನನ್ನ ಕೈ ಹಿಡಿದು, "ಆಣೆ ನೆನಪಿದೆಯೇನೇ?" ಎಂದಳು.

"ಇದೆ ಕಣೇ," ಎಂದೆ.

ಮಣ್ಣು ಮಾಡಿ ಬಂದ ಮೇಲೆ ಪಾದ್ರಿಗಳು ಸಾವಿನ ಪುಸ್ತಕ ತೆರೆದರು. ಪುಸ್ತಕದಲ್ಲಿ ಏನಿದೆಯೋ ಅದನ್ನೇ ಕಲ್ಲು ಕೆತ್ತುವವನು ಕೆತ್ತುತ್ತಾನೆ. ಚರ್ಚಿನಲ್ಲಿ ನಾವು ನಲವತ್ತು ಹೆಂಗಸರಾದರೂ ಇದ್ದೆವು. ನಾನು ಮುಂದೆ ಹೋಗಿ, "ಮದ್ದು ಮಾಡ್ತಿದ್ಲು ಅಂತ ಬರೀರಿ ಸ್ವಾಮಿ," ಎಂದೆ.

ಪಾದ್ರಿಗಳು ಒಳ್ಳೆಯವರು. ಬರೆಯುವ ಗರಿ ಕೆಳಗಿಟ್ಟರು. "ಬರೀತೀನಮ್ಮ. ಆದ್ರೆ ಸಭೆಯ ತೀರ್ಪಲ್ಲಿ ಸಾರು ಅಂತಿದೆ. ಅದು ಮದ್ದು ಅಂತ ನಾನು ಬರೆದ್ರೆ, ಆ ಓಣಿ ಬಾಗಿಲನ್ನ ನಾಳೆನೇ ಮುಚ್ಚಿಸ್ತಾರೆ. ನೀವೇ ಹೇಳಿ."

ನಾನು ತಿರುಗಿ ನೋಡಿದೆ. ಓಣಿಯ ಕೋಣೆಯನ್ನು ಈಗ ನಡೆಸುವ ಕ್ರಿಸ್ಟೀನಾ ಚರ್ಚಿನ ಬಾಗಿಲ ಹತ್ತಿರ ನಿಂತಿದ್ದಳು, ಒಲೆಯ ಮೇಲೆ ಏನೋ ಇಟ್ಟು ಬಂದವಳಂತೆ ಕಾಲು ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ ತುಂಬಿದ ಬಸುರಿಯರು ಇಬ್ಬರು. ನನ್ನ ನಾಲಿಗೆ, ಊರಲ್ಲಿ ಯಾರಿಗೂ ಹೆದರದ ನಾಲಿಗೆ, ಮೇಲೇಳಲಿಲ್ಲ. ಅವಳಿಗೆ ಕೊಟ್ಟ ಮಾತು ತಪ್ಪಿದೆ.

"ಹಾಗಾದ್ರೆ ಅಡುಗೆಯವಳು," ಎಂದು ಪಾದ್ರಿಗಳು ಬರೆದುಕೊಂಡರು. "ಕೈರುಚಿ ಚೆನ್ನಾಗಿತ್ತಾ?"

ಮೂಗು ಹಿಡಿಯದೆ ಅವಳ ಒಂದು ಚಮಚ ಸಾರನ್ನೂ ಕುಡಿದಿರದ ನಾವು ನಲವತ್ತು ಜನ, "ಚೆನ್ನಾಗಿತ್ತು ಸ್ವಾಮಿ," ಎಂದೆವು.